ದೊರೆಸಾನಿಯ ಕೀ ಕೊಡುವುದಿಲ್ಲ

ಫೆಬ್ರವರಿ ೯, ಭಾನುವಾರ

ನಮ್ಮ ಮನೆಯ ಇಂಜಿನಿಯರ್ ಸಾಹೇಬರಿಗೆ,

ನಾನೂ ಅತ್ತೆಯೂ ಚೆನ್ನಾಗಿದ್ದೇವೆ. ನಿಮ್ಮ ಹಡಗೂ ನೀವೂ ನೆಟ್ಟಗಿದ್ದೀರಿ ಎಂದುಕೊಂಡಿದ್ದೇನೆ. ಹಿಂದಿನ ಬಂದರಿನಿಂದ ನೀವು ಹಾಕಿದ ಕಾಗದ ಕೈಸೇರಿ ಹದಿನೆಂಟು ದಿನವಾಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಲ್ಯಾಬಿನಲ್ಲಿ ಕೆಲಸ ಹೆಚ್ಚಿತ್ತು ಎಂದು ಬರೆದರೆ ಅದು ಅರ್ಧ ನಿಜ. ಈ ತಿಂಗಳು ಯಾಕೋ ಊರಿನವರೆಲ್ಲ ಮಾತಾಡಿಕೊಂಡವರಂತೆ ಒಟ್ಟಿಗೇ ಹಲ್ಲು ಉದುರಿಸಿಕೊಂಡಿದ್ದಾರೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಹಲ್ಲುಸೆಟ್ಟು ಮಾಡಿ ಮಾಡಿ ನನ್ನ ಕಣ್ಣು ಕಿತ್ತು ಬಂದಿದೆ. ಆದರೆ ಪೂರ್ತಿ ನಿಜ ಬೇರೆ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಮೊದಲ ಸಾಲಿಗೇ ಪೆನ್ನು ನಿಂತಿತು. ಈಗ ಬರೆದುಬಿಡುತ್ತೇನೆ.

ನಿಮ್ಮ ಕಾರನ್ನು ಬಿಚ್ಚಿದ್ದೇನೆ.

ಕಾಗದ ಕೆಳಗಿಡಬೇಡಿ, ಪೂರ್ತಿ ಓದಿ.

ಹೊರಡುವಾಗ ನೀವು ಭಾವನವರಿಗೆ ಹೇಳಿ ಹೋಗಿದ್ದಿರಿ, ಹದಿನೈದು ದಿನಕ್ಕೊಮ್ಮೆ ಬಂದು ದೊರೆಸಾನಿಯನ್ನು ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟು ಆರಿಸಬೇಕೆಂದು. ನನಗೆ ಹೇಳಿದ್ದು ಶೆಡ್ಡಿನ ನೆಲ ಒರೆಸಬೇಕೆಂದು. ಕಾರಿಗೆ ಅತ್ತೆ ಇಟ್ಟ ಆ ಹೆಸರು ಎಷ್ಟು ಸರಿಯಾಗಿದೆ ನೋಡಿ. ಇಂಗ್ಲೆಂಡಿನಿಂದ ಬಂದವಳು, ತಲೆಗೆ ಬಟ್ಟೆಯ ಟೋಪಿ, ಪಕ್ಕದಲ್ಲಿ ಒಬ್ಬರಿಗಿಂತ ಹೆಚ್ಚು ಜನರನ್ನು ಸೇರಿಸುವುದಿಲ್ಲ, ಬಿಸಿಲಿಗೂ ಆಗದು, ಧೂಳಿಗೂ ಆಗದು. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಅವಳನ್ನು ಒರೆಸಿದ್ದೇನೆ, ಹೊದಿಸಿದ್ದೇನೆ, ಎಡಗಡೆಯ ಸೀಟಿನಲ್ಲಿ ಸೆರಗು ಬಾಗಿಲಿಗೆ ಸಿಕ್ಕದಂತೆ ಮುದುರಿಕೊಂಡು ಕೂತಿದ್ದೇನೆ. ಸ್ಟೀರಿಂಗ್ ಹಿಡಿದಿಲ್ಲ. ಲ್ಯಾಬಿನ ವ್ಯಾನಿನಲ್ಲಿ ಆರು ವರ್ಷ ಇಡೀ ಊರಿನ ಹಲ್ಲು ಹೊತ್ತು ತಿರುಗಿದವಳಿಗೆ ನಿಮ್ಮ ಮಾತು ಒಂದೇ: "ಅದು ಬೇರೆ ಗಾಡಿ, ಇದು ಬೇರೆ ಗಾಡಿ."

ಜನವರಿ ಕೊನೆಯ ಭಾನುವಾರ ಭಾವ ಬಂದರು. ಕೀ ತಿರುಗಿಸಿದರು, ಇಂಜಿನ್ ಗುರ್ರ್ ಎಂದಿತೇ ಹೊರತು ಹತ್ತಿಕೊಳ್ಳಲಿಲ್ಲ. ಮೂವತ್ತು ವರ್ಷ ಹೆಡ್‌ಮಾಸ್ಟರ್ ಆಗಿದ್ದವರಲ್ಲವೇ, ಯಾವುದು ಮಾತು ಕೇಳದಿದ್ದರೂ ಗದರಿಸಿದರೆ ಸರಿಹೋಗುತ್ತದೆಂದು ಅವರ ನಂಬಿಕೆ. ಆಕ್ಸಿಲರೇಟರ್ ಒತ್ತಿ ಒತ್ತಿ ತುಳಿದರು. ಆಮೇಲೆ ಬಾನೆಟ್ ಎತ್ತಿ ಒಳಗೆ ಕೈ ಹಾಕಿ ಏನನ್ನೋ ಎಳೆದರು. ಟಕ್ ಎಂದು ಸದ್ದಾಯಿತು. ನಾನು ನೆಲ ಒರೆಸುವ ಬಟ್ಟೆ ಹಿಡಿದು ಬಾಗಿಲಲ್ಲೇ ಇದ್ದೆ.

"ಏನಾಯ್ತು ಭಾವ?" ಅಂದೆ.

"ಏನೂ ಇಲ್ಲಮ್ಮ. ಹಳೇ ಗಾಡಿ, ಚಳಿಗೆ ಹಿಡ್ಕೊಂಡಿದೆ. ಅವನಿಗೆ ಬರೀಬೇಡ, ಅಲ್ಲಿ ಸುಮ್ನೆ ತಲೆ ಕೆಡಿಸ್ಕೋತಾನೆ. ನಮ್ಮ ಮೆಕ್ಯಾನಿಕ್ಕನ್ನ ಕಳಿಸ್ತೀನಿ."

ಅಷ್ಟು ಹೇಳಿ ಕೈ ಒರೆಸಿಕೊಂಡು ಹೊರಟರು. ಅವಸರದಲ್ಲಿ ಕೀಯನ್ನು ಕಾರಿನಲ್ಲೇ ಬಿಟ್ಟಿದ್ದರು. ನಾನು ಒಳಗೆ ಇಣುಕಿದೆ. ಎರಡು ಕಾರ್ಬುರೇಟರ್‌ಗಳನ್ನು ಒಟ್ಟಿಗೆ ತೆರೆಸುವ ಕಿರುಬೆರಳಿನಷ್ಟು ಉದ್ದದ ಲಿವರ್ ಎರಡು ತುಂಡಾಗಿ ಬಿದ್ದಿತ್ತು.

ಮೆಕ್ಯಾನಿಕ್ ಮಂಗಳವಾರ ಬಂದ. ನೋಡಿದ, ನಾಲಿಗೆ ಲೊಚಗುಟ್ಟಿದ. "ಇದು ಸಿಗಲ್ಲ ಮೇಡಂ. ಈ ಎರಡೂ ಕಿತ್ತಾಕಿ ಬೇರೆ ಗಾಡೀದು ಒಂದು ಕಾರ್ಬುರೇಟರ್ ಕೂರಿಸ್ಬಿಡೋಣ. ಓಡಿದ್ರೆ ಆಯ್ತಲ್ಲ?" ಅಂದ. ಅನ್ನುತ್ತಲೇ ಹದಿಮೂರು ಮಿಲಿಮೀಟರಿನ ಸ್ಪ್ಯಾನರ್ ಹಾಕಿ ಒಂದು ನಟ್ಟನ್ನು ತಿರುವಿದ. ಅದರ ಮೂಲೆಗಳು ನನ್ನ ಕಣ್ಣೆದುರೇ ಸವೆದು ಗುಂಡಗಾದವು. ಇವಳ ನಟ್ಟುಗಳೆಲ್ಲ ಇಂಚಿನ ಲೆಕ್ಕದವು ಎಂದು ನನಗೆ ಗೊತ್ತು. ಇಪ್ಪತ್ತೊಂದು ವರ್ಷ ಬಾಗಿಲಲ್ಲಿ ನಿಂತು ಕಾಫಿ ಕೊಟ್ಟವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

"ಸಾಕು, ಕೈ ತೆಗೀಪ್ಪ," ಅಂದೆ.

"ಯಜಮಾನ್ರನ್ನ ಕೇಳಿ ಹೇಳ್ತೀರಾ?"

"ಯಾರನ್ನೂ ಕೇಳಲ್ಲ. ನಾನೇ ಮಾಡ್ಕೋತೀನಿ."

ಅವನು ನಕ್ಕು ಹೋದ. ನಕ್ಕದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ನಾನು ಬರೀ ಬಾಯಿಮಾತಿಗೆ ಅಂದು ಸುಮ್ಮನಾಗುತ್ತಿದ್ದೆನೋ ಏನೋ. ಅದೇ ಸಂಜೆ ಲ್ಯಾಬಿನ ಸ್ಕ್ರೂಡ್ರೈವರ್ ತಂದು ನಿಮ್ಮ ಟೂಲ್ ಪೆಟ್ಟಿಗೆಯ ಹಿಂಬದಿಯ ಕೀಲು ಬಿಚ್ಚಿದೆ. ಬೀಗ ಹಾಕಿದ್ದು ಹಾಕಿದಂತೆಯೇ ಇದೆ, ಅದಕ್ಕೆ ನೀವು ಬೇಜಾರು ಮಾಡಿಕೊಳ್ಳುವಂತಿಲ್ಲ. ಇಂಚಿನ ಸ್ಪ್ಯಾನರ್‌ಗಳು ಎಣ್ಣೆಬಟ್ಟೆಯಲ್ಲಿ ಸುತ್ತಿ ಮಲಗಿದ್ದವು. ಎರಡೂ ಕಾರ್ಬುರೇಟರ್ ಈಗ ನಮ್ಮ ಊಟದ ಮೇಜಿನ ಮೇಲಿವೆ. ಅತ್ತೆ ತಟ್ಟೆ ಎತ್ತಿಕೊಂಡು ಸೋಫಾದಲ್ಲಿ ಕೂತು ಉಣ್ಣುತ್ತಾರೆ, ಗೊಣಗಿಲ್ಲ.

ನೀವು ಏನು ಹೇಳುತ್ತೀರೆಂದು ಗೊತ್ತಿದೆ. ಮುಚ್ಚಿಡು, ನಾನು ಬಂದು ನೋಡುತ್ತೇನೆ ಅನ್ನುತ್ತೀರಿ. ನೀವು ಬರಲು ಇನ್ನೂ ಐದು ತಿಂಗಳಿದೆ. ಅಲ್ಲಿಯವರೆಗೆ ನಾನು ಮುಚ್ಚಿಡುವುದಿಲ್ಲ.

ಸಮುದ್ರ ನಿಮ್ಮ ಮೇಲೆ ಮುನಿಯದಿರಲಿ. ಬೆನ್ನುನೋವಿಗೆ ಕೊಟ್ಟ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ
ಹಲ್ಲುಸೆಟ್ಟಿನವಳು


ಮಾರ್ಚ್ ೧೬, ಭಾನುವಾರ

ಇಂಜಿನಿಯರ್ ಸಾಹೇಬರಿಗೆ,

ನಿಮ್ಮ ಕಾಗದ ಬರಲಿ, ಓದಿಕೊಂಡು ಬರೆಯೋಣ ಎಂದು ಕಾದೆ. ಕಾಗದ ಬರಲಿಲ್ಲ. ಅದಕ್ಕೆ ಬದಲು ನಿಮ್ಮ ಫೋನು ಬಂತು, ಅದೂ ಭಾವನವರ ಮನೆಗೆ. ಬಂದರಿನ ಬೂತಿನಿಂದ ನೀವು ಇಷ್ಟು ದೂರಕ್ಕೆ ಮಾತಾಡಿದಿರಿ, ನಮ್ಮ ಮನೆಯ ನಂಬರಿಗೆ ಮಾತಾಡಲಿಲ್ಲ. ಅದರ ಬಗ್ಗೆ ಈಗ ಏನೂ ಬರೆಯುವುದಿಲ್ಲ. ನೀವು ಅವರಿಗೆ ಹೇಳಿದ್ದರಿಂದ ಏನೇನಾಯಿತು ಅದನ್ನು ಮಾತ್ರ ಹೇಳುತ್ತೇನೆ.

ಹೋದ ಶನಿವಾರ ಹತ್ತು ಗಂಟೆಗೆ ಗೇಟಿನ ಮುಂದೆ ಕೆಟ್ಟ ಗಾಡಿ ಎಳೆಯುವ ಲಾರಿ ಬಂದು ನಿಂತಿತು. ಮುಂದೆ ಭಾವ, ಹಿಂದೆ ಕೊಕ್ಕೆ ಸರಪಣಿ ಹಿಡಿದ ಡ್ರೈವರ್. ನಾನು ಕಾರಿನ ಕೆಳಗಿದ್ದೆ. ಹಿಂದಿನ ಚಕ್ರದ ಹತ್ತಿರ ಇರುವ ಪೆಟ್ರೋಲ್ ಪಂಪು ಸದ್ದು ಮಾಡುತ್ತಿರಲಿಲ್ಲ. ಕೀ ತಿರುಗಿಸಿದ ಕೂಡಲೆ ಅದು ಟಿಕ್ ಟಿಕ್ ಅನ್ನಬೇಕು ಎಂಬುದು ನೆನಪಿತ್ತು, ನೀವು ಕಾರು ತೆಗೆಯುವಾಗಲೆಲ್ಲ ಅಡುಗೆಮನೆಯವರೆಗೂ ಕೇಳುತ್ತಿತ್ತಲ್ಲ. ಅದನ್ನು ಬಿಚ್ಚಿ ಒಳಗೆ ಕರೆಂಟು ಮುಟ್ಟಿಸುವ ಮುಳ್ಳು ಉಜ್ಜುತ್ತಿದ್ದೆ. ಭಾವನವರ ಚಪ್ಪಲಿ ಮಾತ್ರ ಕಾಣುತ್ತಿತ್ತು.

"ಮೇಲೆ ಬಾಮ್ಮ," ಅಂದರು. ಬಂದೆ. ಮುಖದ ತುಂಬ ಗ್ರೀಸು. "ಅವನು ಫೋನ್ ಮಾಡಿದ್ದ. ಗಾಡೀನ ನಮ್ಮ ಮನೆ ಶೆಡ್ಡಲ್ಲಿ ಇಡೂ ಅಂದಿದಾನೆ. ಬಿಚ್ಚಿರೋದನ್ನೆಲ್ಲ ಒಂದು ಡಬ್ಬಕ್ಕೆ ಹಾಕ್ಕೊಡು. ಕೀ ಕೊಡು."

"ಕೊಡಲ್ಲ ಭಾವ."

"ಇದೇನು ಮಕ್ಕಳಾಟಾನಾ? ಮೂವತ್ತೈದು ವರ್ಷದ ಗಾಡಿ ಅದು. ಅವನು ಜೀವ ಇಟ್ಕೊಂಡಿದಾನೆ ಅದರ ಮೇಲೆ."

"ಲಿವರ್ ಮುರಿದಿದ್ದು ಮಕ್ಕಳಾ?"

ಅವರ ಮುಖ ಕೆಂಪಗಾಯಿತು. ಬೇಕಂತಲೇ ಅಂದೆ. ಈ ಮನೆಗೆ ಬಂದ ಮೇಲೆ ಅವರಿಗೆ ಎದುರಾಡಿದ್ದು ಅದೇ ಮೊದಲು. ಅವರು ಡ್ರೈವರಿಗೆ ಕಣ್ಸನ್ನೆ ಮಾಡಿದರು. ಆತ ಸರಪಣಿ ಎಳೆದುಕೊಂಡು ಮುಂದಿನ ಬಂಪರ್ ಕಡೆಗೆ ಬಗ್ಗಿದ. ನನಗೆ ಬೇರೆ ಏನೂ ತೋಚಲಿಲ್ಲ. ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತೆ, ಸ್ಟೀರಿಂಗ್ ಹಿಡಿದುಕೊಂಡೆ. ನಿಮ್ಮ ಸೀಟು ಎಷ್ಟು ಹಿಂದಿದೆಯೆಂದರೆ ನನ್ನ ಕಾಲು ಪೆಡಲ್‌ಗೆ ಎಟುಕುತ್ತಿರಲಿಲ್ಲ. ಆದರೂ ಕೂತೆ.

"ಇಳೀಮ್ಮ. ಬೀದೀಲಿ ಜನ ನೋಡ್ತಿದಾರೆ," ಅಂದರು ಭಾವ.

ನೋಡುತ್ತಿದ್ದದ್ದು ನಿಜ. ಎದುರು ಮನೆಯ ಇಸ್ತ್ರಿಯವನು ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಊರಿದ್ದು ಎತ್ತುವುದನ್ನೇ ಮರೆತಿದ್ದ.

ಆಗ ಅತ್ತೆ ಒಳಗಿನಿಂದ ಬಂದರು. ಕೋಲೂರಿಕೊಂಡು ಮೆಟ್ಟಿಲಿಳಿದು, ಯಾರ ಮುಖವನ್ನೂ ನೋಡದೆ ಕಾರಿನ ಎಡಗಡೆಗೆ ಬಂದು, "ಬಾಗಿಲು ತೆಗಿಯೇ," ಅಂದರು. ತೆಗೆದೆ. ಎಪ್ಪತ್ತೆಂಟರ ಅವರು ಆ ತಗ್ಗು ಸೀಟಿಗೆ ಕೂರುವುದೆಂದರೆ ಬಾವಿಗೆ ಇಳಿದಂತೆ. ಮೊದಲು ಕೋಲು ಒಳಗೆ ಬಂತು, ಆಮೇಲೆ ಒಂದು ಕಾಲು, ಆಮೇಲೆ ಅವರು. ಕೂತು ಸೆರಗು ಸರಿಮಾಡಿಕೊಂಡು ನಿಮ್ಮಣ್ಣನಿಗೆ ಹೇಳಿದರು, "ದೊಡ್ಡವನೇ, ಚಿಕ್ಕವನು ಫೋನ್ ಮಾಡಿದ್ರೆ ಹೇಳು. ಗಾಡಿ ಅವನದು, ಶೆಡ್ಡು ನಂದು. ನನ್ನ ಶೆಡ್ಡಿಂದ ಏನು ಹೋಗ್ಬೇಕು, ಏನು ಇರ್ಬೇಕು ಅಂತ ನಾನು ಹೇಳ್ತೀನಿ."

"ಅಮ್ಮ, ನಿಂಗೆ ಇದೆಲ್ಲ ಅರ್ಥ ಆಗಲ್ಲ."

"ಆಗಲ್ಲಪ್ಪ. ಅದಕ್ಕೇ ಕೂತಿದೀನಿ."

ಲಾರಿ ಡ್ರೈವರ್ ಸರಪಣಿ ಸುತ್ತಿಕೊಂಡ. "ಜನ ಕೂತಿರೋ ಗಾಡಿ ನಾನು ಎತ್ತಲ್ಲ ಸಾರ್. ಏನಾರ ಆದ್ರೆ ನನ್ನ ತಲೆಗೆ ಬರುತ್ತೆ," ಅಂದು ಹೊರಟೇಹೋದ. ಭಾವ ನಡೆದುಕೊಂಡು ಹೋದರು. ಅವರು ತಿರುವು ದಾಟಿದ ಮೇಲೆ ನಮ್ಮಿಬ್ಬರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಅತ್ತೆಯನ್ನು ಆ ಸೀಟಿನಿಂದ ಮೇಲೆತ್ತಲು ಕಾಲು ಗಂಟೆ ಹಿಡಿಯಿತು.

ಈಗ ಲಿವರಿನ ಸುದ್ದಿ. ಹಲ್ಲಿನ ತಂತಿಕೊಕ್ಕೆಗಳನ್ನು ಲೋಹದಲ್ಲಿ ಎರಕ ಹೊಯ್ಯುವುದು ನನ್ನ ಇಪ್ಪತ್ತನಾಲ್ಕು ವರ್ಷದ ಕೆಲಸ. ಮುರಿದ ತುಂಡುಗಳನ್ನು ಅಂಟಿಸಿ, ಅದರಂತೆಯೇ ಮೇಣದಲ್ಲಿ ಮಾಡಿದೆ. ಮೇಣದ ಸುತ್ತ ಗಾರೆಯಂಥ ಹಿಟ್ಟು ಸುರಿದು ಗಟ್ಟಿಯಾದ ಮೇಲೆ ಕುಲುಮೆಗೆ ಇಟ್ಟರೆ ಮೇಣ ಉರಿದು ಹೋಗುತ್ತದೆ, ಅದು ಬಿಟ್ಟುಹೋದ ಜಾಗಕ್ಕೆ ಕಾದ ಲೋಹ ತುಂಬುತ್ತದೆ. ಮೊದಲನೆಯದರಲ್ಲಿ ಸಾಸಿವೆಯಷ್ಟು ಗುಳ್ಳೆ ಬಂತು. ಬಾಯಿಗೆ ಹಾಕುವುದಾಗಿದ್ದರೆ ಉಜ್ಜಿ ಕೊಟ್ಟುಬಿಡುತ್ತಿದ್ದೆನೇನೋ, ಇದನ್ನು ಎಸೆದೆ. ಎರಡನೆಯದು ಸರಿಯಾಗಿ ಬಂತು. ಆದರೆ ಈ ಲೋಹ ಎಂಥ ಹಟಮಾರಿಯೆಂದರೆ ತೂತು ಕೊರೆಯುವಷ್ಟರಲ್ಲಿ ಲ್ಯಾಬಿನ ನಾಲ್ಕು ಕೊರೆಯುವ ಮೊನೆಗಳು ಸವೆದವು. ನಮ್ಮ ಲ್ಯಾಬಿನ ಮಾಲೀಕರು ಅದನ್ನು ಬೆಳಕಿಗೆ ಹಿಡಿದು, "ಇದು ಯಾವ ಪೇಶೆಂಟಿಂದು?" ಎಂದು ಕೇಳಿದರು. "ಇಂಗ್ಲೆಂಡಿನವರದು ಸಾರ್, ವಯಸ್ಸಾಗಿದೆ," ಅಂದೆ.

ಕಾರ್ಬುರೇಟರಿನ ಹೊಟ್ಟೆಯಲ್ಲಿ ಹಳೆಯ ಪೆಟ್ರೋಲು ಒಣಗಿ ಕಾಫಿ ಗಸಿಯಂತೆ ಹಿಡಿದಿತ್ತು. ಹಲ್ಲುಸೆಟ್ಟು ತೊಳೆಯುವ ಬ್ರಷ್ಷಿನಿಂದ ಉಜ್ಜಿದೆ. ಒಳಗಿನ ಪಿಸ್ಟನ್ ಎತ್ತಿ ಬಿಟ್ಟರೆ ಟಪ್ ಎಂದು ಸಲೀಸಾಗಿ ಕೂರಬೇಕಲ್ಲ, ಒಂದು ಕೂತಿತು, ಇನ್ನೊಂದು ಅರ್ಧಕ್ಕೆ ಸಿಕ್ಕಿಕೊಂಡಿತು. ಮೂರು ಸಂಜೆ ಅದರ ಹಿಂದೆ ಬಿದ್ದಿದ್ದೆ. ಎಲ್ಲವನ್ನೂ ಮತ್ತೆ ಕೂರಿಸಿ ನಿನ್ನೆ ಸಂಜೆ ಐದೂವರೆಗೆ ಕೀ ತಿರುಗಿಸಿದೆ. ಪಂಪು ಟಿಕ್ ಟಿಕ್ ಅಂದಿತು. ಇಂಜಿನ್ ಎರಡು ಸಲ ಕೆಮ್ಮಿತು, ಹಿಂದಿನಿಂದ ಕರಿ ಹೊಗೆ ಬಿಟ್ಟಿತು, ಆಮೇಲೆ ಹತ್ತಿಕೊಂಡಿತು. ಅತ್ತೆ ವರಾಂಡದಿಂದ, "ಆರಿಸ್ಬೇಡ, ಹಾಗೇ ಬಿಡು," ಎಂದು ಕೂಗಿದರು. ನಾನು ಅಳಲಿಲ್ಲ, ಹೊಗೆಗೆ ಕಣ್ಣು ಉರಿಯಿತು ಅಷ್ಟೆ.

ಇನ್ನೂ ಎರಡು ಕಾರ್ಬುರೇಟರ್ ಒಂದೇ ಸಮ ಉಸಿರಾಡುತ್ತಿಲ್ಲ. ಅದನ್ನೂ ಸರಿಮಾಡುತ್ತೇನೆ.

ಭಾವನವರಿಗೆ ಮತ್ತೆ ಫೋನು ಮಾಡುವುದಾದರೆ ಮಾಡಿ. ಕೀ ನನ್ನ ಏಪ್ರನ್ನಿನ ಜೇಬಿನಲ್ಲಿದೆ.

ಆರೋಗ್ಯ ನೋಡಿಕೊಳ್ಳಿ. ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ನಿಮಗೂ ಕೊಕ್ಕೆಯ ಲಾರಿಯವನಿಗೂ.

ನಿಮ್ಮ
ಹಲ್ಲುಸೆಟ್ಟಿನವಳು


ಏಪ್ರಿಲ್ ೨೭, ಭಾನುವಾರ

ಇಂಜಿನಿಯರ್ ಸಾಹೇಬರಿಗೆ,

ನಿಮ್ಮ ಕಾಗದ ಬಂತು. ಕೊನೆಗೂ ನನ್ನ ಹೆಸರಿಗೇ ಬಂತು. ಮೂರು ಪುಟ ಬೈದಿದ್ದೀರಿ. "ಹಲ್ಲು ಕಟ್ಟಿದ ಹಾಗಲ್ಲ ಇದು" ಎಂದು ಎರಡು ಕಡೆ ಬರೆದಿದ್ದೀರಿ, ಬಹುಶಃ ಮೊದಲ ಸಲ ಬರೆದದ್ದು ಮರೆತುಹೋಗಿ. "ನಾನು ಬರುವವರೆಗೆ ಗಾಡಿ ರಸ್ತೆಗೆ ಇಳಿಯಕೂಡದು" ಎಂಬುದರ ಕೆಳಗೆ ಗೆರೆ ಎಳೆದಿದ್ದೀರಿ. ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಆದರೆ ಮೂರನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಒಂದು ಚಿತ್ರ ಬರೆದಿದ್ದೀರಿ: ಎರಡು ಬಾಯಿ, ಒಂದು ರಬ್ಬರ್ ಕೊಳವೆ, ಒಂದು ಕಿವಿ. "ಎರಡೂ ಕಡೆ ಒಂದೇ ಸದ್ದು ಬರುವ ತನಕ." ಮೂರು ಪುಟ ಬರೆದದ್ದು ಗಂಡ, ಅಂಚಿನಲ್ಲಿ ಬರೆದದ್ದು ಇಂಜಿನಿಯರ್ ಎಂದು ಇಟ್ಟುಕೊಂಡೆ. ಇಂಜಿನಿಯರ್ ಮಾತು ಕೇಳಿದೆ. ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ ಹಿಡಿದು ಒಂದು ಮಧ್ಯಾಹ್ನ ಪೂರ್ತಿ ಕೇಳಿದೆ. ಮೊದಲು ಒಂದು ಕಡೆ ಹಾವಿನಂತೆ, ಒಂದು ಕಡೆ ಗೊರಕೆಯಂತೆ ಇತ್ತು. ಸ್ಕ್ರೂ ಕಾಲು ಸುತ್ತು, ಅರೆ ಸುತ್ತು ತಿರುವಿ ತಿರುವಿ ಕೊನೆಗೆ ಎರಡೂ ಒಂದೇ ಆದವು. ನಿಮಗೂ ಹೀಗೇ ಕೇಳಿಸುತ್ತಿತ್ತೇ? ಒಮ್ಮೆಯೂ ನನ್ನನ್ನು ಕರೆದು ಕೇಳಿಸಲಿಲ್ಲವಲ್ಲ.

ಆಮೇಲೆ ಬ್ರೇಕು. ಪೆಡಲ್ ಹಾಸಿಗೆಯಂತೆ ಒಳಗೆ ಹೋಗುತ್ತಿತ್ತು. ಹಿಂದಿನ ಎಡಚಕ್ರದ ಒಳಗೆ ಎಣ್ಣೆ ಸೋರಿತ್ತು. ನೀವು ತಗಡಿನ ಡಬ್ಬದಲ್ಲಿ ಜೋಪಾನ ಮಾಡಿಟ್ಟಿದ್ದ ಹೊಸ ರಬ್ಬರ್ ವಾಷರ್‌ಗಳನ್ನು ತೆಗೆದು ಹಾಕಿದೆ. ಇನ್ನು ಪೈಪಿನೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕು, ಒಬ್ಬರು ಪೆಡಲ್ ತುಳಿಯಬೇಕು, ಒಬ್ಬರು ಕೆಳಗೆ ಸ್ಕ್ರೂ ಬಿಚ್ಚಿ ಮುಚ್ಚಬೇಕು. ಯಾರನ್ನು ಕರೆಯಲಿ ಎಂದು ಯೋಚಿಸುತ್ತಿದ್ದಾಗ ಅತ್ತೆ, "ಹೊಲಿಗೆ ಮಿಷನ್ ತುಳಿದ ಕಾಲು ಇದು," ಅಂದರು.

ಅವರ ಬೆನ್ನಿಗೆ ಎರಡು ದಿಂಬು ಕೊಟ್ಟು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ನಾನು ಕಾರಿನ ಕೆಳಗಿನಿಂದ "ಒತ್ತಿ" ಅಂದರೆ ಅವರು "ಒತ್ತಿದೆ" ಅನ್ನಬೇಕು, "ಬಿಡಿ" ಅಂದರೆ "ಬಿಟ್ಟೆ" ಅನ್ನಬೇಕು. ಹತ್ತು ಸಲವಾದ ಮೇಲೆ ನಾನೇನೂ ಹೇಳದೆಯೇ "ಒತ್ತಿದೆ" ಅನ್ನತೊಡಗಿದರು. "ಅತ್ತೆ, ನಾನು ಹೇಳಿದ ಮೇಲೆ ಒತ್ತಿ," ಅಂದರೆ, "ನೀನು ನಿಧಾನ ಕಣೆ," ಅಂದರು. ಸ್ಕ್ರೂಗೆ ಸಿಕ್ಕಿಸಿದ ಕೊಳವೆಯ ತುದಿಯ ಬಾಟಲಿಯೊಳಗೆ ಗುಳ್ಳೆ ಬರುವುದು ನಿಲ್ಲುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಪೆಡಲ್ ಕಲ್ಲಿನಂತಾಯಿತು. ಮೂರು ದಿನ ಅವರಿಗೆ ತೊಡೆನೋವು. ಕೇಳಿದವರಿಗೆಲ್ಲ ಕಾರು ರಿಪೇರಿ ಮಾಡಿದೆ ಎಂದು ಹೇಳಿಕೊಂಡು ತಿರುಗಿದರು.

ಹೋದ ಭಾನುವಾರ ರಸ್ತೆಗೆ ಇಳಿಸಿದೆ. ನೀವು ಗೆರೆ ಎಳೆದ ಸಾಲು ನೆನಪಿತ್ತು, ನೆನಪಿಟ್ಟುಕೊಂಡೇ ಇಳಿಸಿದೆ. ಸೀಟನ್ನು ಮುಂದಕ್ಕೆ ಎಳೆದಿದ್ದೇನೆ, ಅದು ಇನ್ನು ಅಲ್ಲೇ ಇರುತ್ತದೆ. ಶೆಡ್ಡಿನಿಂದ ಹಿಂದಕ್ಕೆ ತೆಗೆಯುವಾಗ ಇಸ್ತ್ರಿಯವನು ಬಂದು ಬೀದಿಯ ಎರಡೂ ಕಡೆ ನೋಡಿ ಕೈ ಬೀಸಿದ. ಕಾರಿನ ಬಟ್ಟೆಯ ಟೋಪಿ ಮಡಚಿದ್ದೆ. ಅತ್ತೆ ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಕೋಲನ್ನು ಎರಡು ಕಾಲಿನ ನಡುವೆ ನಿಲ್ಲಿಸಿಕೊಂಡು ಕೂತಿದ್ದರು. ಮೊದಲ ತಿರುವಿನಲ್ಲಿ ಗೇರು ಕರಕರ ಅಂದಿತು. ನಿಮಗೆ ಅಲ್ಲಿ ಎದೆ ಕಿವುಚಿದ್ದರೆ ಕ್ಷಮಿಸಿ. ಎರಡನೆಯದರಲ್ಲಿ ಅನ್ನಲಿಲ್ಲ. ಪೇಟೆ ದಾಟಿ ದೊಡ್ಡ ರಸ್ತೆಗೆ ಬಂದಾಗ ಗಾಳಿ ಮುಖಕ್ಕೆ ಹೊಡೆಯಿತು, ಅತ್ತೆ ಏನೋ ಹೇಳಿದರು, ಕೇಳಿಸಲಿಲ್ಲ. ಕೈಯಿಂದ ಮುಂದಕ್ಕೆ ತೋರಿಸಿದರು. ಇನ್ನೂ ಜೋರಾಗಿ ಅಂತ.

ಸೇತುವೆಯ ಮೇಲೆ ನಿಂತುಹೋಯಿತು. ಮುಚ್ಚುಮರೆ ಮಾಡದೆ ಬರೆಯುತ್ತೇನೆ. ಇಂಜಿನ್ ಎರಡು ಸಲ ಬಿಕ್ಕಿ ಸುಮ್ಮನಾಯಿತು. ಹಿಂದಿನ ಗಾಡಿಗಳು ಹಾರ್ನ್ ಶುರುಮಾಡಿದವು. ನಾಲ್ಕು ಗಂಡಸರು ಇಳಿದು ಬಂದರು. ಒಬ್ಬರು ಬ್ಯಾಟರಿ ಅಂದರು, ಒಬ್ಬರು ಪ್ಲಗ್ಗು ಅಂದರು, ಒಬ್ಬರು, "ಇದನ್ನ ಲೇಡೀಸ್ ಕೈಗೆ ಯಾಕ್ ಕೊಡ್ತಾರೋ," ಅಂದರು. ಇನ್ನೊಬ್ಬರು ಬಾನೆಟ್ ಎತ್ತಲು ಕೈ ಹಾಕಿದರು. "ಬಾನೆಟ್ ಮುಟ್ಬೇಡಿ," ಅಂದೆ. ಕೀ ತಿರುಗಿಸಿ ಕಿವಿಗೊಟ್ಟೆ. ಟಿಕ್ ಟಿಕ್ ಇಲ್ಲ. ಇಳಿದು ಹಿಂದಿನ ಚಕ್ರದ ಪಕ್ಕ ಮಂಡಿಯೂರಿ, ಚಪ್ಪಲಿ ಬಿಚ್ಚಿ, ಅದರ ಹಿಮ್ಮಡಿಯಿಂದ ಪಂಪಿನ ತಲೆಗೆ ಎರಡು ಕೊಟ್ಟೆ. ಟಿಕ್ ಟಿಕ್ ಟಿಕ್ ಅಂದಿತು. ಚಪ್ಪಲಿ ಹಾಕಿಕೊಂಡು ಬಂದು ಕೂತೆ, ಸ್ಟಾರ್ಟ್ ಆಯಿತು. ಲೇಡೀಸ್ ಎಂದವರಿಗೆ ಅತ್ತೆ, "ದಾರಿ ಬಿಡಪ್ಪ, ನಮಗೆ ಹೊತ್ತಾಯ್ತು," ಅಂದರು. ಪಂಪಿನ ಮುಳ್ಳು ಪೂರ್ತಿ ಸವೆದಿದೆ, ಬೇರೆ ಬರೆದು ತರಿಸಬೇಕು. ನಿಮ್ಮ ಮುಂದಿನ ಬಂದರಿನಲ್ಲಿ ಸಿಕ್ಕರೆ ತನ್ನಿ, ಇಲ್ಲದಿದ್ದರೆ ಚಪ್ಪಲಿ ಇದೆ.

ನಾವು ಹೋದದ್ದು ನನ್ನ ತವರಿಗೆ, ಈಗ ತಂಗಿ ಇರುವ ಮನೆಗೆ. ಕೊನೆಯ ಆರು ಕಿಲೋಮೀಟರ್ ರಸ್ತೆ ಅಗೆದು ಜಲ್ಲಿ ಸುರಿದದ್ದು ಹಾಗೇ ಇದೆ, ಎರಡನೇ ಗೇರಿನಲ್ಲಿ ನಿಧಾನವಾಗಿ ದಾಟಿಸಿದೆ. ತಂಗಿ ಗೇಟಿನಲ್ಲೇ ನಿಂತುಬಿಟ್ಟಳು. ಕಾರನ್ನು ನೋಡಿದಳು, ನನ್ನ ಕೈ ನೋಡಿದಳು, ಉಗುರಿನ ಸಂದಿಯ ಕಪ್ಪು ನೋಡಿದಳು. "ನೀನೇ ತಂದ್ಯಾ?" ಅಂದಳು. ಊಟ ಮಾಡಿ, ಸಂಜೆ ಬೆಳಕಿರುವಾಗಲೇ ವಾಪಸು ಬಂದೆವು. ಬರುವಾಗ ಎಲ್ಲೂ ನಿಲ್ಲಲಿಲ್ಲ.

ಭಾವ ಇನ್ನೂ ಮುನಿಸಿಕೊಂಡಿದ್ದಾರೆ. ನೆಂಟರಿಗೆಲ್ಲ ಫೋನು ಮಾಡಿ ನನಗೆ ತಲೆ ಕೆಟ್ಟಿದೆ ಎನ್ನುತ್ತಿದ್ದಾರಂತೆ. ಅನ್ನಲಿ. ನಿನ್ನೆ ನೆಂಟರಲ್ಲಿ ಒಬ್ಬರು ತಮ್ಮ ಮಿಕ್ಸಿ ಕೆಟ್ಟಿದೆ, ನೋಡುತ್ತೀಯಾ ಎಂದು ಕೇಳಿದರು.

ಇನ್ನು ಒಂದು ಮಾತು ಖಂಡಿತವಾಗಿ ಹೇಳಿಬಿಡುತ್ತೇನೆ. ನೀವು ಬಂದ ಮೇಲೆ ದೊರೆಸಾನಿಯನ್ನು ಓಡಿಸಿ, ಬಿಚ್ಚಿ, ಒರೆಸಿ, ನಾನು ಬೇಡ ಎನ್ನುವುದಿಲ್ಲ. ಗಾಡಿ ನಿಮ್ಮದೇ. ಆದರೆ ಕೀ ನಿಮ್ಮ ಜೇಬಿಗೆ ವಾಪಸು ಹೋಗುವುದಿಲ್ಲ. ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತೇನೆ, ಈ ಮನೆಯಲ್ಲಿ ಯಾರಿಗೆ ಅವಸರವೋ ಅವರು ತೆಗೆದುಕೊಳ್ಳಲಿ. ಇದಕ್ಕೆ ಒಪ್ಪಿಗೆಯಿಲ್ಲದಿದ್ದರೆ ಈಗಲೇ ಬರೆಯಿರಿ, ಬಂದು ಜಗಳ ಬೇಡ.

ನೀವು ಇರುವ ಕಡೆಯೆಲ್ಲ ನೀರು ಸಮವಾಗಿರಲಿ, ನಿಮ್ಮ ಇಂಜಿನ್ನುಗಳು ಮಾತು ಕೇಳಲಿ, ಹೋದ ಹಾಗೆಯೇ ಗಟ್ಟಿಯಾಗಿ ಬನ್ನಿ. ಅತ್ತೆಯ ಆಶೀರ್ವಾದ ಇದರೊಂದಿಗಿದೆ.

ನಿಮ್ಮ
ಹಲ್ಲುಸೆಟ್ಟಿನವಳು

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ನಾಲ್ಕು ವರ್ಷದ ಹಿಂದೆ, ಅಮ್ಮನಿಗೆ ಉಸಿರು ಕಟ್ಟಿದ ಬೆಳಿಗ್ಗೆ ತಂಗಿಯ ಫೋನು ಬಂದಾಗ ನೀವು ರಜೆಯಲ್ಲಿ ಮನೆಯಲ್ಲೇ ಇದ್ದಿರಿ. ಕಾರು ಚೆನ್ನಾಗಿತ್ತು. ಹಿಂದಿನ ದಿನವಷ್ಟೇ ತೊಳೆದು ಒಂದು ಸುತ್ತು ಹಾಕಿ ಬಂದಿದ್ದಿರಿ. ನಾನು ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತೆ. "ಆ ರಸ್ತೆ ಅಗೆದು ಹಾಕಿದಾರೆ, ಜಲ್ಲಿ ಹೊಡೆದು ಕೆಳಗಿನ ಆಯಿಲ್ ಚೇಂಬರ್ ಒಡೆದ್ರೆ ಮತ್ತೆ ಸಿಗಲ್ಲ. ಟ್ಯಾಕ್ಸಿಗೆ ಹೇಳಿದೀನಿ, ಈಗ ಬರುತ್ತೆ," ಅಂದಿರಿ. ನಾನೂ ಆಯಿತು ಎಂದು ಗೇಟಿನ ಹತ್ತಿರ ಹೋಗಿ ನಿಂತೆ. ಹಾಗೆ ನಿಂತದ್ದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ. ಟ್ಯಾಕ್ಸಿ ಬಂದದ್ದು ಒಂದು ಗಂಟೆ ಹತ್ತು ನಿಮಿಷ ಕಳೆದ ಮೇಲೆ. ನಾವು ಹೋಗಿ ಇಳಿಯುವ ಇಪ್ಪತ್ತು ನಿಮಿಷ ಮುಂಚೆ ಅಮ್ಮ ಹೋಗಿದ್ದಳು. ಕೊನೆಯಲ್ಲಿ ಎರಡು ಸಲ, "ದೊಡ್ಡವಳು ಬಂದ್ಲಾ?" ಎಂದು ಕೇಳಿದಳಂತೆ. ತಂಗಿ ಇದನ್ನು ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಹೋದ ಭಾನುವಾರ ಹೇಳಿದಳು. ನೀವು ಇಂದಿನವರೆಗೂ ಆ ಬೆಳಿಗ್ಗೆಯ ಮಾತೆತ್ತಿಲ್ಲ.

ನಮ್ಮ ಮನೆಯಿಂದ ಅಮ್ಮನ ಗೇಟಿನವರೆಗೆ ಹೋದ ಭಾನುವಾರ ಐವತ್ತೆಂಟು ನಿಮಿಷ ಹಿಡಿಯಿತು. ಮಾರನೆಯ ದಿನ ಕಾರಿನ ಕೆಳಗೆ ಮಲಗಿ ಟಾರ್ಚು ಬಿಟ್ಟು ಆ ಚೇಂಬರನ್ನು ಕೈಯಾಡಿಸಿ ನೋಡಿದೆ. ಒಂದು ಗೀರೂ ಬಿದ್ದಿಲ್ಲ.

ಈ ಕಾಗದಕ್ಕೆ ಉತ್ತರ ಬರೆಯುವಾಗ ಕಾರಿನ ಬಗ್ಗೆ ಒಂದು ಸಾಲೂ ಬೇಡ. ಅಮ್ಮನ ಬಗ್ಗೆ ಬರೆಯಿರಿ.